ಬಲೂನಿನ ತಾಪಮಾನ ಹಳಿ ತಪ್ಪಿದರೆ: ಕರಾವಳಿಯ ಹವ್ಯಾಸಿ ರೇಡಿಯೊ ಬಲೂನುಗಳಿಗೆ ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಹ್ಯಾಮ್‌ಗಳೂ (ಹವ್ಯಾಸಿ ರೇಡಿಯೊದವರು) ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಸೆನ್ಸರ್, ಜಿಪಿಎಸ್, ಟ್ರಾನ್ಸ್‌ಮಿಟರ್ ಇರುವ ಪೆಟ್ಟಿಗೆ ಕಟ್ಟಿದ ಬಲೂನು ಹಾರಿಸಿದ ಮೇಲೆ, ಅದರ ಅಳತೆಗಳ ದಾಖಲೆಯಾದ ಲಾಗ್ ಫೈಲು ಹಿಡಿದುಕೊಂಡು ಬಂದರೆ ಹೆಚ್ಚಾಗಿ ಕೇಳಿಸುವ ದೂರು ಒಂದೇ: ತಾಪಮಾನ ಹುಚ್ಚುಹುಚ್ಚಾಗಿ ಬಂದಿದೆ, ಸೆನ್ಸರ್ ಕೆಟ್ಟಿದೆ. ಸೆನ್ಸರ್ ನಿಜವಾಗಿಯೂ ಕೆಟ್ಟಿರುವುದು ಅಪರೂಪ. ಹಲವು ಸಲ ಅದು ಬ್ಯಾಟರಿಯ ತಪ್ಪು, ಕೆಲವು ಸಲ ಪ್ರೋಗ್ರಾಮಿನದು, ಕೆಲವು ಸಲ ಬಿಸಿಲಿನದು. ಇನ್ನು ಕೆಲವು ಸಲ ಯಾರ ತಪ್ಪೂ ಅಲ್ಲ, ಆಕಾಶ ಇರುವುದೇ ಹಾಗೆ.

ಇವನ್ನು ಬೇರೆ ಬೇರೆ ಮಾಡಲು ನಾನು ಮೊದಲು ಕೇಳುವ ಪ್ರಶ್ನೆ, ತೊಂದರೆ ಯಾವ ಎತ್ತರದಲ್ಲಿ ಶುರುವಾಯಿತು ಎಂಬುದು. 8 ಕಿ.ಮೀ.ಯಲ್ಲಿ ಸಾಯುವ ಪೆಟ್ಟಿಗೆಯ ಕಾಯಿಲೆ ಬೇರೆ, 12 ಕಿ.ಮೀ.ಯಲ್ಲಿ ನಿಂತುಹೋಗುವ ಎತ್ತರದ ಅಂಕಿಯ ಕಾಯಿಲೆ ಬೇರೆ, 13 ಕಿ.ಮೀ.ಯಿಂದ ಮೇಲೆ ಚಪ್ಪಟೆಯಾಗುವ ತಾಪಮಾನದ ಗೆರೆಯ ಕಾಯಿಲೆ ಇನ್ನೂ ಬೇರೆ. ಎತ್ತರ ಗೊತ್ತಾದರೆ ಅರ್ಧ ರೋಗ ಗೊತ್ತಾದಂತೆ.

ವಿಮಾನ ನಿಲ್ದಾಣದ ಅನುಮತಿ, ರೇಡಿಯೊ ಪರವಾನಗಿ ಇವೆಲ್ಲ ಮುಗಿದಿವೆ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬಜ್ಪೆಯ ರನ್‌ವೇ ಇಷ್ಟು ಹತ್ತಿರ ಇರುವಾಗ ಅದಿಲ್ಲದೆ ಬಲೂನು ಬಿಡುವ ಮಾತೇ ಇಲ್ಲ.

ಮೊದಲು ನಮ್ಮ ಆಕಾಶವನ್ನು ತಿಳಿದುಕೊಳ್ಳಿ

ಪಠ್ಯಪುಸ್ತಕದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಕೆ, 11 ಕಿ.ಮೀ.ಯಲ್ಲಿ ಮೈನಸ್ 56.5 ಡಿಗ್ರಿ, ಅಲ್ಲಿಂದ 20 ಕಿ.ಮೀ.ವರೆಗೆ ಅಷ್ಟೇ, ಆಮೇಲೆ ನಿಧಾನವಾಗಿ ಏರಿಕೆ. ಇದಕ್ಕೆ ಪ್ರಮಾಣಿತ ವಾಯುಮಂಡಲ ಎನ್ನುತ್ತಾರೆ. ಸಮಶೀತೋಷ್ಣ ನಾಡುಗಳ ಸರಾಸರಿಯನ್ನು ಆಧರಿಸಿದ ಲೆಕ್ಕ ಅದು. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಎಂದು ಅದು ಶುರುವಾಗುವಾಗಲೇ ಮಂಗಳೂರಿನವರಿಗೆ ಅನುಮಾನ ಬರಬೇಕಿತ್ತು.

ನಮ್ಮ 13 ಡಿಗ್ರಿ ಅಕ್ಷಾಂಶದ ಆಕಾಶ ಹೀಗಿರುತ್ತದೆ. ನೆಲದಲ್ಲಿ 25ರಿಂದ 30. ಒಂದೂವರೆ ಕಿ.ಮೀ.ಯಲ್ಲಿ, ಅಂದರೆ 1,894 ಮೀಟರಿನ ಕುದುರೆಮುಖ ಶಿಖರಕ್ಕಿಂತ ತುಸು ಕೆಳಗೆ, 20ರ ಆಸುಪಾಸು. ಮೂರು ಕಿ.ಮೀ.ಯಲ್ಲಿ ಸುಮಾರು 10. ಐದು ಕಿ.ಮೀ. ಹತ್ತಿರ ನೀರು ಹೆಪ್ಪುಗಟ್ಟುವ ಸೊನ್ನೆ. ಒಂಬತ್ತೂವರೆ ಕಿ.ಮೀ.ಯಲ್ಲಿ ಮೈನಸ್ 30 ಚಿಲ್ಲರೆ, ಹನ್ನೆರಡೂವರೆಯಲ್ಲಿ ಮೈನಸ್ 53 ಹತ್ತಿರ. ಪುಸ್ತಕದ ಪ್ರಕಾರ ಇಳಿಕೆ ಆಗಲೇ ನಿಂತಿರಬೇಕು, ಆದರೆ ನಮ್ಮಲ್ಲಿ ನಿಲ್ಲುವುದಿಲ್ಲ. ಸಮಭಾಜಕದತ್ತ ಬಂದಂತೆ ಪರಿವರ್ತನ ಮಂಡಲ, ಅಂದರೆ ಏರಿದಂತೆ ತಣ್ಣಗಾಗುವ ಕೆಳಗಿನ ವಾಯುಪದರ, ದಪ್ಪವಾಗುತ್ತದೆ. ಬಿಸಿಯಾದ, ತೇವಭರಿತ ಗಾಳಿ ಇಲ್ಲಿ ಎತ್ತರಕ್ಕೆ ಉಕ್ಕಿ, ಹಿಗ್ಗುತ್ತ ತಣಿಯುತ್ತದೆ. ಅದಕ್ಕೇ ನಮ್ಮ ತಲೆಯ ಮೇಲೆ 16ರಿಂದ 17 ಕಿ.ಮೀ. ಎತ್ತರದಲ್ಲಿ ತಾಪಮಾನ ಮೈನಸ್ 80 ಮುಟ್ಟುತ್ತದೆ. ಬೆವರು ಒರೆಸಿಕೊಳ್ಳುತ್ತ ಬಲೂನು ಬಿಟ್ಟವರ ನೆತ್ತಿಯ ಮೇಲಿನ ಆ ಪದರ, ಅಷ್ಟೇ ಎತ್ತರದ ಯುರೋಪಿನ ಆಕಾಶಕ್ಕಿಂತ ಹೆಚ್ಚು ತಣ್ಣಗಿರುತ್ತದೆ.

ಅಲ್ಲಿಂದ ಮೇಲೆ ಸಮೋಷ್ಣ ಮಂಡಲ. ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿ ಗಾಳಿಯನ್ನು ಬೆಚ್ಚಗಾಗಿಸುವುದರಿಂದ ತಾಪಮಾನ ಮತ್ತೆ ಏರುತ್ತದೆ: 20 ಕಿ.ಮೀ. ದಾಟಿದಾಗ ಮೈನಸ್ 63ರ ಸುತ್ತ, 24ರಲ್ಲಿ ಮೈನಸ್ 55, 30 ದಾಟಿದಾಗ ಮೈನಸ್ 40ರ ಆಸುಪಾಸು. ರಬ್ಬರ್ ಬಲೂನುಗಳು ಸಾಮಾನ್ಯವಾಗಿ ಇಲ್ಲಿಗೆ ಬರುವಷ್ಟರಲ್ಲಿ ಒಡೆಯುತ್ತವೆ.

ಈ ಅಂಕಿಗಳು ದಿನದಿಂದ ದಿನಕ್ಕೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತವೆ. ಆದ್ದರಿಂದ ಹವಾಮಾನ ಇಲಾಖೆ ಪಣಂಬೂರಿನಿಂದ ಹಾರಿಸುವ ರೇಡಿಯೊಸೋಂಡ್ (ಬಲೂನಿಗೆ ಕಟ್ಟಿ ಕಳಿಸುವ ಹವಾಮಾನ ಉಪಕರಣ) ದಾಖಲೆಯನ್ನು ಆ ದಿನದ್ದೇ ತೆಗೆದಿಟ್ಟುಕೊಳ್ಳಿ. ಜಗತ್ತಿನಾದ್ಯಂತ ಈ ಅಳತೆಯ ಹೊತ್ತು ಗ್ರೀನಿಚ್ ಕಾಲಮಾನದ 00 ಮತ್ತು 12 ಗಂಟೆಗೆ ಗೊತ್ತುಪಡಿಸಿದ್ದು, ನಮಗದು ಬೆಳಗ್ಗೆ 5.30 ಮತ್ತು ಸಂಜೆ 5.30. ನಿಮ್ಮ ಗೆರೆ, ಅವರ ಗೆರೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡದೆ ಸೆನ್ಸರ್ ಬಿಚ್ಚಬೇಡಿ.

ಇನ್ನೊಂದು ಅಳತೆಗೋಲು ಜೇಬಿನಲ್ಲಿರಲಿ. ಮೋಡವಿಲ್ಲದ ಗಾಳಿ ಮೇಲೇರುತ್ತ ತಣಿಯುವ ವೇಗ ಕಿಲೋಮೀಟರಿಗೆ 9.8 ಡಿಗ್ರಿ. ಕಾದ ನೆಲದ ಸಮೀಪ ಬಿಟ್ಟರೆ, ನೂರಾರು ಮೀಟರ್ ಉದ್ದಕ್ಕೆ ಇದಕ್ಕಿಂತ ಕಡಿದಾಗಿ ತಾಪಮಾನ ಬೀಳುವ ಪದರ ಆಕಾಶದಲ್ಲಿ ಉಳಿಯುವುದಿಲ್ಲ. ಗಾಳಿ ತಾನಾಗಿ ಮಗುಚಿ ಬೆರೆತುಹೋಗುತ್ತದೆ. ಲಾಗ್‌ನಲ್ಲಿ ಕಿಲೋಮೀಟರಿಗೆ 15 ಡಿಗ್ರಿ ಇಳಿಕೆ ಕಂಡರೆ ಅದು ಉಪಕರಣದ ಕೆಲಸ. ಏರಿಕೆಗೆ ಇಂಥ ಮಿತಿ ಇಲ್ಲ. ಡಿಸೆಂಬರ್, ಜನವರಿಯ ಬೆಳಗ್ಗೆ ಮಣಿಪಾಲ, ಕಾರ್ಕಳದ ಕಡೆಯಿಂದ ಬಿಟ್ಟ ಬಲೂನು ಮೊದಲ ಇನ್ನೂರು ಮುನ್ನೂರು ಮೀಟರಿನಲ್ಲಿ ತಣ್ಣಗಾಗುವ ಬದಲು ಎರಡು ಮೂರು ಡಿಗ್ರಿ ಬೆಚ್ಚಗಾದರೆ ಅದು ವಿಲೋಮ ಪದರ. ರಾತ್ರಿ ನೆಲ ತಣಿದು ತನಗೆ ಅಂಟಿದ ಗಾಳಿಯನ್ನೂ ತಣಿಸಿರುತ್ತದೆ. ಇದನ್ನು ದೋಷ ಎಂದು ಬರೆದುಕೊಂಡವರು ಬಹಳ ಮಂದಿ.

ಪ್ಯಾಕೆಟ್ ಸಂಖ್ಯೆ ಏನು ಹೇಳುತ್ತದೆ?

ಬಲೂನಿನ ಪೆಟ್ಟಿಗೆ ಒಂದು ಸಲಕ್ಕೆ ರೇಡಿಯೊದಲ್ಲಿ ಕಳಿಸುವ ಅಂಕಿಗಳ ಕಂತೇ ಪ್ಯಾಕೆಟ್. ತಾಪಮಾನದ ಕಾಲಂ ನೋಡುವ ಮುನ್ನ ಪ್ಯಾಕೆಟ್ ಸಂಖ್ಯೆಯ ಕಾಲಂ ಓದಿ. ಸಂಖ್ಯೆ ಏರುತ್ತಲೇ ಇದ್ದು ನಡುನಡುವೆ ಕೆಲವು ಕಾಣೆಯಾಗಿದ್ದರೆ ತೊಂದರೆ ರೇಡಿಯೊದ್ದು. ಸಂಖ್ಯೆ ಸರಿಯಾಗಿ ಏರಿ ಎತ್ತರ ಮಾತ್ರ ನಿಂತಿದ್ದರೆ ಜಿಪಿಎಸ್‌ನದ್ದು. ಸಂಖ್ಯೆ ಮತ್ತೆ ಒಂದರಿಂದ ಶುರುವಾಗಿದ್ದರೆ ವಿದ್ಯುತ್ತಿನದ್ದು. ಪ್ರೋಗ್ರಾಮಿನಲ್ಲಿ ಪ್ಯಾಕೆಟ್ ಸಂಖ್ಯೆಯನ್ನೇ ಹಾಕಿಲ್ಲದಿದ್ದರೆ ಮುಂದಿನ ಹಾರಾಟಕ್ಕೆ ಹಾಕಿ. ಈ ಬಾರಿಯ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆಯೇ.

ಇಂಥ ಮೂರು ಸಾಲು ಕಂಡಿವೆ ಎಂದುಕೊಳ್ಳಿ:

ಪ್ಯಾಕೆಟ್ 268, ಎತ್ತರ 8,410 ಮೀಟರ್, ತಾಪಮಾನ ಮೈನಸ್ 22.5
ಪ್ಯಾಕೆಟ್ 1, ಎತ್ತರ 0, ತಾಪಮಾನ 85.0
ಪ್ಯಾಕೆಟ್ 2, ಎತ್ತರ 0, ತಾಪಮಾನ ಮೈನಸ್ 22.9

ನಡುವಿನ ಸಾಲಿನ 85 ಡಿಗ್ರಿ ನೋಡಿ ಗಾಬರಿಯಾಗಬೇಡಿ. ಡಿಎಸ್18ಬಿ20 ಎಂಬ ತಾಪಮಾನದ ಸೆನ್ಸರ್‌ಗೆ ವಿದ್ಯುತ್ ಹೋಗಿ ಬಂದಾಗ, ಮೊದಲ ಅಳತೆ ಮುಗಿಯುವ ತನಕ ಅದರ ನೆನಪಿನಲ್ಲಿ ಇರುವ ಅಂಕಿ ಅದು. 12 ಬಿಟ್ ಅಳತೆಗೆ ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಅಷ್ಟು ಕಾಯದೆ ಕೇಳಿದರೆ 85 ಎನ್ನುತ್ತದೆ. ಎತ್ತರ ಸೊನ್ನೆಯಾದದ್ದು ಜಿಪಿಎಸ್ ಕೂಡ ಹೊಸದಾಗಿ ಉಪಗ್ರಹ ಹುಡುಕುತ್ತಿರುವುದರಿಂದ. ಮೂರೂ ಸೇರಿ ಹೇಳುವುದಿಷ್ಟೆ: ಟ್ರಾನ್ಸ್‌ಮಿಟರ್ ಕರೆಂಟ್ ಎಳೆದ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ ಕುಸಿದು ಇಡೀ ಸರ್ಕೀಟು ಮತ್ತೆ ಮೊದಲಿನಿಂದ ಶುರುವಾಗಿದೆ.

ಸಾಮಾನ್ಯ ಆಲ್ಕಲೈನ್ ಬ್ಯಾಟರಿ ಮೈನಸ್ 20ರ ಹತ್ತಿರ ಸೋಲುತ್ತದೆ. ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗಿ ಆಂತರಿಕ ರೋಧ ಏರುತ್ತದೆ, ಬರಿಯ ಮೀಟರ್ ಹಚ್ಚಿದರೆ ವೋಲ್ಟೇಜ್ ಸರಿಯಾಗಿಯೇ ತೋರುತ್ತದೆ, ಭಾರ ಬಿದ್ದಾಗ ಮಾತ್ರ ಬೀಳುತ್ತದೆ. ಕೆಳಗಿಳಿದು ಬೆಚ್ಚಗಾದ ಮೇಲೆ ಮತ್ತೆ ಸರಿಯಾಗುವುದರಿಂದ ಪೆಟ್ಟಿಗೆ ಕೈಗೆ ಸಿಕ್ಕಾಗ ಎಲ್ಲವೂ ಕೆಲಸ ಮಾಡುತ್ತಿರುತ್ತದೆ. ರೀಚಾರ್ಜ್ ಮಾಡುವ ಲಿಥಿಯಂ ಅಯಾನ್ ಕೂಡ ಆ ಚಳಿಯಲ್ಲಿ ಸಾಕಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಎಸೆಯುವ ಬಗೆಯ ಲಿಥಿಯಂ ಎಎ ಬ್ಯಾಟರಿ ಮೈನಸ್ 40ರವರೆಗೆ ತಡೆಯುತ್ತದೆ, ಹಗುರವೂ ಹೌದು. ದುಬಾರಿ ಎಂದು ಗೊಣಗುವವರಿಗೆ ನನ್ನ ಉತ್ತರ: ಕಳೆದುಹೋದ ಪೆಟ್ಟಿಗೆಯ ಬೆಲೆ ಕೂಡಿಸಿ ನೋಡಿ.

ಪರೀಕ್ಷೆ ಸುಲಭ. ಮಂಗಳೂರಿನಲ್ಲಿ ಐಸ್‌ಕ್ರೀಮ್ ಅಂಗಡಿಗಳಿಗೆ ಬರವಿಲ್ಲ. ಪರಿಚಯದವರ ಡೀಪ್ ಫ್ರೀಜರ್‌ನಲ್ಲಿ, ಸುಮಾರು ಮೈನಸ್ 18ರಲ್ಲಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಟ್ರಾನ್ಸ್‌ಮಿಟರ್ ಚಾಲೂ ಇಟ್ಟು ಮೂರು ಗಂಟೆ ಬಿಡಿ. ಬ್ಯಾಟರಿಯ ತುದಿಯಿಂದ ಎರಡು ತಂತಿ ಹೊರಗೆ ತಂದು, ಪ್ಯಾಕೆಟ್ ಕಳಿಸುವ ಕ್ಷಣದ ವೋಲ್ಟೇಜನ್ನೇ ಅಳೆಯಿರಿ. ಎರಡು ಪ್ಯಾಕೆಟ್‌ಗಳ ನಡುವಿನ ವೋಲ್ಟೇಜು ನಿಮಗೆ ಏನನ್ನೂ ಹೇಳುವುದಿಲ್ಲ.

ಲಾಗ್‌ನಲ್ಲಿ ಮೈನಸ್ 127 ಕಂಡರೆ ಕಥೆ ಬೇರೆ. ಸೆನ್ಸರ್ ಉತ್ತರ ಕೊಡದಿದ್ದಾಗ ಆರ್ಡುಯಿನೊ ಲೈಬ್ರರಿ (ಸೆನ್ಸರ್ ಓದಲು ಪ್ರೋಗ್ರಾಮಿಗೆ ಸೇರಿಸುವ ಸಿದ್ಧ ಕೋಡು) ಬರೆಯುವ ಅಂಕಿ ಅದು. ತಂತಿ ಬಿಟ್ಟಿದೆ, ಇಲ್ಲವೇ ಕನೆಕ್ಟರ್ ಚಳಿಗೆ ಸಂಕುಚಿತವಾಗಿ ಸಂಪರ್ಕ ತಪ್ಪಿದೆ ಎಂದರ್ಥ. ಒಮ್ಮೆ ಬಂದು ಹೋಗುತ್ತಿದ್ದರೆ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ ಸುತ್ತ ಕೂದಲೆಳೆಯಂಥ ಉಂಗುರ ಬಿರುಕು ಕಾಣುತ್ತದೆ. ಕರಾವಳಿಯಲ್ಲಿ ಆರು ತಿಂಗಳು ಡಬ್ಬಿಯಲ್ಲಿ ಬಿದ್ದಿದ್ದ ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿದಿರುವುದೂ ಉಂಟು. ಅಂಥದ್ದನ್ನು ಉಜ್ಜಿ ಸರಿಮಾಡುವ ಗೋಜಿಗೆ ಹೋಗದೆ ಕತ್ತರಿಸಿ ಎಸೆದು ತಂತಿಯನ್ನು ನೇರವಾಗಿ ಬೆಸೆಯುವುದೇ ವಾಸಿ.

13 ಕಿ.ಮೀ.ಯಿಂದ ಚಪ್ಪಟೆ ಗೆರೆ, ಅಥವಾ ಮೆಟ್ಟಿಲು

12.8 ಕಿ.ಮೀ.ವರೆಗೆ ಗೆರೆ ಚೆನ್ನಾಗಿ ಇಳಿದು, ಮೈನಸ್ 55ರಲ್ಲಿ ನಿಂತು, 24 ಕಿ.ಮೀ. ದಾಟಿದ ಮೇಲೆ ಮತ್ತೆ ಜೀವ ಬಂದರೆ ರೋಗ ಹುಡುಕಬೇಕಾಗಿಲ್ಲ. ಡಿಎಸ್18ಬಿ20ಯ ಕೆಳಮಿತಿಯೇ ಮೈನಸ್ 55. ಅದಕ್ಕಿಂತ ಕೆಳಗಿನ ಅಂಕಿಯನ್ನು ಕತ್ತರಿಸುವ ಸಾಲು ಪ್ರೋಗ್ರಾಮಿನಲ್ಲಿ ಇದ್ದರೆ ಗೆರೆ ಚಪ್ಪಟೆಯಾಗುತ್ತದೆ. ಇಲ್ಲದಿದ್ದರೆ ಏನೋ ಒಂದು ಅಂಕಿ ಬರುತ್ತದೆ, ಅದಕ್ಕೆ ತಯಾರಕರ ಖಾತರಿ ಇರುವುದಿಲ್ಲ. ಪ್ರಮಾಣಿತ ವಾಯುಮಂಡಲದ ಕೋಷ್ಟಕ ನೋಡಿ ಸೆನ್ಸರ್ ಆರಿಸುವವರು ಇಲ್ಲಿ ಮೋಸಹೋಗುತ್ತಾರೆ. ಅತಿ ಕಡಿಮೆ ಎಂದರೆ ಮೈನಸ್ 56.5 ತಾನೇ, ಹೇಗೋ ನಡೆಯುತ್ತದೆ ಎಂಬ ಲೆಕ್ಕ. ನಮ್ಮ ಆಕಾಶದಲ್ಲಿ 13ರಿಂದ 24ರವರೆಗಿನ ಹನ್ನೊಂದು ಕಿಲೋಮೀಟರ್ ಪೂರ್ತಿ ಆ ಸೆನ್ಸರ್‌ನ ಎಟುಕಿನಾಚೆ ಇದೆ. ತೇವವನ್ನೂ ಅಳೆಯುವ ಡಿಎಚ್‌ಟಿ22, ಒತ್ತಡವನ್ನೂ ಅಳೆಯುವ ಬಿಎಂಪಿ280 ಇವುಗಳ ಮಿತಿ ಮೈನಸ್ 40, ಅಂದರೆ ಸುಮಾರು 11 ಕಿ.ಮೀ.ಗೇ ಅವು ಕೈಚೆಲ್ಲುತ್ತವೆ.

ಥರ್ಮಿಸ್ಟರ್, ಅಂದರೆ ತಣಿದಂತೆ ರೋಧ ಏರುವ ಸೆನ್ಸರ್, ಬಳಸಿದವರ ದೂರು ಬೇರೆ ರೀತಿಯದು. ಗೆರೆ ಇಳಿಯುತ್ತ ಇಳಿಯುತ್ತ ಮೆಟ್ಟಿಲು ಮೆಟ್ಟಿಲಾಗುತ್ತದೆ. ಮೊದಲು ಒಂದು ಡಿಗ್ರಿಯ ಮೆಟ್ಟಿಲು, ಆಮೇಲೆ ನಾಲ್ಕೈದು ಡಿಗ್ರಿಯದು. ಕಾರಣ ಗಣಿತದಲ್ಲಿದೆ. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ, ಬೀಟಾ (ರೋಧ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ಅಂಕಿ) 3950ರ ಥರ್ಮಿಸ್ಟರ್‌ನ ರೋಧ ಸೂತ್ರದ ಪ್ರಕಾರ ಮೈನಸ್ 40ರಲ್ಲಿ 400 ಕಿಲೋಓಮ್ ಹತ್ತಿರ, ಮೈನಸ್ 60ರಲ್ಲಿ ಸುಮಾರು 2 ಮೆಗಾಓಮ್. ಜೊತೆಗೆ 10 ಕಿಲೋಓಮ್‌ನ ರೆಸಿಸ್ಟರ್ ಹಾಕಿ ವೋಲ್ಟೇಜನ್ನು ಅಂಕಿಯಾಗಿಸುವ 10 ಬಿಟ್ ಪರಿವರ್ತಕಕ್ಕೆ ಕೊಟ್ಟರೆ, ಮೈನಸ್ 60ರಲ್ಲಿ 1023ರ ಪೈಕಿ ನಿಮಗೆ ಸಿಗುವ ಎಣಿಕೆ ಬರೀ ಐದು! ಮೈನಸ್ 80ರಲ್ಲಿ ಒಂದೂ ಪೂರ್ತಿ ಸಿಗುವುದಿಲ್ಲ. ರೆಸಿಸ್ಟರನ್ನು ಕೆಲವು ನೂರು ಕಿಲೋಓಮ್‌ಗೆ ಏರಿಸಿದರೆ ಚಳಿಯ ಕಡೆ ಮೆಟ್ಟಿಲು ಸಣ್ಣದಾಗುತ್ತದೆ, ಬಿಸಿಯ ಕಡೆ ಒರಟಾಗುತ್ತದೆ. ಎರಡೂ ಬೇಕಾದರೆ 16 ಬಿಟ್ ಪರಿವರ್ತಕ ಹಾಕಿ, ಅಥವಾ ಪಿಟಿ1000 ಪ್ಲಾಟಿನಂ ಸೆನ್ಸರ್ ಹಿಡಿಯಿರಿ. ಸೊನ್ನೆ ಡಿಗ್ರಿಯಲ್ಲಿ 1000 ಓಮ್ ಇರುವ ಅದು ಮೈನಸ್ 80ರಲ್ಲಿ 683 ಓಮ್ ಆಗುತ್ತದೆ. ನನ್ನ ಒಲವು ಪ್ಲಾಟಿನಂ ಕಡೆಗೆ.

ಏಕೆಂದರೆ ಮೆಗಾಓಮ್‌ಗಳ ಲೋಕದಲ್ಲಿ ನಮ್ಮ ಕಡಲ ಗಾಳಿಗೂ ಒಂದು ಪಾತ್ರವಿದೆ. ಮಲ್ಪೆ, ಪಣಂಬೂರಿನ ಉಪ್ಪುಗಾಳಿ ಕುಡಿದ ಸರ್ಕೀಟ್ ಬೋರ್ಡಿನ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪೊರೆ ಇರುತ್ತದೆ. ತೇವ ಸೇರಿದರೆ ಅದು ಸೆನ್ಸರ್‌ನ ಎರಡು ಕಾಲುಗಳ ನಡುವೆ ಕಳ್ಳದಾರಿಯಾಗುತ್ತದೆ. 10 ಕಿಲೋಓಮ್ ಅಳೆಯುವಾಗ ಈ ಸೋರಿಕೆ ಲೆಕ್ಕಕ್ಕಿಲ್ಲ. 5 ಮೆಗಾಓಮ್ ಅಳೆಯುವಾಗ ಅದೇ ದೊಡ್ಡದಾಗಿ, ಒಟ್ಟು ರೋಧ ಕಡಿಮೆ ಕಂಡು, ತಾಪಮಾನ ಇರುವುದಕ್ಕಿಂತ ಬೆಚ್ಚಗೆ ತೋರುತ್ತದೆ. ನೆಲದಲ್ಲಿ ಸರಿಯಾಗಿದ್ದು ಮೇಲೆ ಮಾತ್ರ ಹತ್ತು ಡಿಗ್ರಿ ಬೆಚ್ಚಗಾದರೆ ಮೊದಲು ಇದನ್ನು ಶಂಕಿಸಿ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಬೆಸುಗೆಗಳ ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್ ಬಳಿಯಿರಿ. ಮೀನಿನ ವ್ಯಾಪಾರದ ಥರ್ಮೊಕೋಲ್ ಪೆಟ್ಟಿಗೆ ಹಗುರ, ದಪ್ಪ, ಅಗ್ಗ, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಹೊಸದನ್ನೇ ಕೊಳ್ಳಿ. ಬಳಸಿದ ಪೆಟ್ಟಿಗೆಯ ಉಪ್ಪು ಎಷ್ಟು ತೊಳೆದರೂ ಒಳಗಿನ ಗಾಳಿಯನ್ನು ತೇವವಾಗಿಡುತ್ತದೆ.

ಸೆನ್ಸರ್ ಸರಿಯೇ ಎಂದು ನೋಡಲು ಮೂರು ತಾಪಮಾನ ಸಾಕು. ಪುಡಿಮಾಡಿದ ಮಂಜುಗಡ್ಡೆಗೆ ನೀರು ಬೆರೆಸಿದರೆ ಸೊನ್ನೆ. ಮಂಜುಗಡ್ಡೆಗೆ ಅಡುಗೆ ಉಪ್ಪು ಧಾರಾಳವಾಗಿ ಬೆರೆಸಿದರೆ ಮೈನಸ್ 18ರಿಂದ 21ರ ನಡುವೆ. ಒಣ ಮಂಜುಗಡ್ಡೆ, ಅಂದರೆ ಘನ ಇಂಗಾಲದ ಡೈಆಕ್ಸೈಡ್, ಆವಿಯಾಗುವುದು ಮೈನಸ್ 78.5ರಲ್ಲಿ. ನಮ್ಮ ಆಕಾಶದ ಅತಿ ತಣ್ಣನೆಯ ಪದರದ ತಾಪಮಾನವೂ ಹೆಚ್ಚುಕಡಿಮೆ ಅಷ್ಟೇ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸ್ವಲ್ಪಸ್ವಲ್ಪವಾಗಿ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೆನ್ಸರ್ ಅದ್ದಿ ನೋಡಿ. ಕಿಟಕಿ ತೆರೆದಿರಲಿ, ದಪ್ಪ ಕೈಗವಸು ಇರಲಿ, ಹತ್ತಿರ ಬೆಂಕಿ ಬೇಡ, ಪಾತ್ರೆಗೆ ಬಿಗಿ ಮುಚ್ಚಳ ಹಾಕಲೇಬೇಡಿ.

ಅಂಕಿ ನಂಬುವಂತಿದೆ, ಆದರೆ ತಪ್ಪು

ಇದು ಕಷ್ಟದ ಗುಂಪು. ಗೆರೆ ನಯವಾಗಿರುತ್ತದೆ, ಏನೂ ಕೆಟ್ಟಂತೆ ಕಾಣುವುದಿಲ್ಲ.

ಮೋಡ ದಾಟಿದ ಕೂಡಲೇ ತಾಪಮಾನ ದಬಕ್ಕನೆ ಬಿದ್ದು, ಕೆಲವು ನೂರು ಮೀಟರ್ ಆದ ಮೇಲೆ ಮತ್ತೆ ಏರಿ ಸರಿಯಾದರೆ ಸೆನ್ಸರ್ ಒದ್ದೆಯಾಗಿತ್ತು ಎಂದು ತಿಳಿಯಿರಿ. ಮೋಡದ ಮೇಲಿನ ಒಣ ಗಾಳಿಯಲ್ಲಿ ಆ ನೀರು ಆರುತ್ತ, ಮಣ್ಣಿನ ಹೂಜಿಯ ನೀರಿನಂತೆ, ಸೆನ್ಸರನ್ನು ತಣ್ಣಗೆ ಮಾಡುತ್ತದೆ. 9.8ರ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ: ಆ ಬೀಳುವಿಕೆ ಅದಕ್ಕಿಂತ ಕಡಿದಾಗಿರುತ್ತದೆ. ಐದು ಕಿ.ಮೀ. ಮೇಲೆ ಆ ನೀರು ಹಿಮವಾಗಿ ಅಂಟಿದರೆ ಬಿಡಲು ಇನ್ನೂ ಹೊತ್ತು ಹಿಡಿಯುತ್ತದೆ. ನೀರು ನಿಲ್ಲದ ಹಾಗೆ ಸೆನ್ಸರನ್ನು ನುಣುಪಾಗಿ, ಸಣ್ಣದಾಗಿ ಇಡುವುದೇ ಪರಿಹಾರ. ಹತ್ತಿ, ಟೇಪು ಸುತ್ತಿದ ಸೆನ್ಸರ್ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ಬಿಸಿಲು. ಗಾಳಿ ಇದ್ದಷ್ಟು ಹೊತ್ತು ಅದು ಸೆನ್ಸರ್‌ನ ಬಿಸಿಯನ್ನು ಒಯ್ಯುತ್ತದೆ. 30 ಕಿ.ಮೀ.ಯಲ್ಲಿ ಗಾಳಿಯ ಒತ್ತಡ ನೆಲದ ಒತ್ತಡದ ನೂರರಲ್ಲಿ ಒಂದು ಭಾಗದಷ್ಟು. ಅಲ್ಲಿ ಬಿಸಿಲಿಗೆ ಕಾದ ಕರಿಯ ಸೆನ್ಸರನ್ನು ತಣಿಸುವವರು ಯಾರೂ ಇಲ್ಲ. ಆದ್ದರಿಂದ ಬಿಸಿಲಿನ ದೋಷ ಎತ್ತರದ ಜೊತೆ ಬೆಳೆಯುತ್ತ ಹೋಗುತ್ತದೆ, ಮತ್ತು ಪೆಟ್ಟಿಗೆ ತಿರುಗಿದಂತೆ ಗೆರೆ ಅಲೆಅಲೆಯಾಗುತ್ತದೆ. ದಪ್ಪ ಸೆನ್ಸರ್ ಒಂದು, ಸಣ್ಣ ಮಣಿಯಂಥದ್ದೊಂದು ಪಕ್ಕಪಕ್ಕದಲ್ಲಿ ಕಳಿಸಿ. ಎರಡರ ನಡುವಿನ ಅಂತರ ಮೇಲೇರಿದಂತೆ ಹೆಚ್ಚಿದರೆ ತಪ್ಪಿತಸ್ಥ ಸೂರ್ಯನೇ. ಬಿಳಿ ಬಣ್ಣ ಬಳಿದರೆ ಹಗಲಿನ ತಪ್ಪು ಕಡಿಮೆಯಾಗುತ್ತದೆ, ಆದರೆ ಅದೇ ಬಣ್ಣ ಶಾಖವನ್ನು ಚೆನ್ನಾಗಿ ಹೊರಸೂಸುವುದರಿಂದ ರಾತ್ರಿ ಸೆನ್ಸರ್ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ವೃತ್ತಿಪರ ರೇಡಿಯೊಸೋಂಡ್‌ಗಳು ಅಲ್ಯೂಮಿನಿಯಂ ಲೇಪದ, ಎಳೆಯಷ್ಟು ಸಣ್ಣ ಸೆನ್ಸರ್ ಇಡುವುದು ಇದಕ್ಕೇ.

ಈ ಅನುಮಾನ ಹವಾಮಾನ ವಿಜ್ಞಾನದಷ್ಟೇ ಹಳೆಯದು. ಫ್ರಾನ್ಸಿನ ಲಿಯೊನ್ ತೆಸ್ಸೆರಾಂಕ್ ದ ಬೋರ್ ಪ್ಯಾರಿಸ್ ಬಳಿಯ ಟ್ರಾಪ್‌ನಿಂದ ಹಾರಿಸಿದ ಬಲೂನುಗಳು ಸುಮಾರು 11 ಕಿ.ಮೀ. ಮೇಲೆ ತಾಪಮಾನ ಇಳಿಯುವುದೇ ಇಲ್ಲ ಎಂದು ತೋರಿಸಿದಾಗ, ಅದು ಬಿಸಿಲಿನ ದೋಷ ಎಂದೇ ಮೊದಲು ಅನಿಸಿದ್ದು. ಅವರು ರಾತ್ರಿ ಹೊತ್ತು ಬಲೂನು ಬಿಟ್ಟರು, ಇನ್ನೂರಕ್ಕೂ ಹೆಚ್ಚು ಹಾರಾಟಗಳ ದಾಖಲೆ ಕೂಡಿಸಿದರು, ಕೊನೆಗೆ 1902ರಲ್ಲಿ ಇದು ದೋಷವಲ್ಲ, ಅಲ್ಲಿರುವುದು ಬೇರೆಯೇ ಪದರ ಎಂದು ಪ್ರಕಟಿಸಿದರು. ಜರ್ಮನಿಯ ರಿಚರ್ಡ್ ಆಸ್‌ಮನ್ ಅದೇ ಸಮಯದಲ್ಲಿ ರಬ್ಬರ್ ಬಲೂನುಗಳಿಂದ ಅದನ್ನೇ ಕಂಡಿದ್ದರು. ಸಮೋಷ್ಣ ಮಂಡಲ ಪತ್ತೆಯಾದದ್ದು ಹೀಗೆ. ಅವರ ಪರೀಕ್ಷೆ ಇಂದಿಗೂ ನಡೆಯುತ್ತದೆ: ಹಗಲಿನ ಗೆರೆಯ ಮೇಲೆ ಸಂಶಯವಿದ್ದರೆ ಅನುಮತಿ ಪಡೆದು ಬೆಳಗಿನ ಜಾವ ಬಿಡಿ, ಸೂರ್ಯ ಹುಟ್ಟುವ ಮುನ್ನವೇ ಬಲೂನು 20 ಕಿ.ಮೀ. ದಾಟಿರಲಿ. ಮೇಲಿರುವ ಬಲೂನಿಗೆ ಸೂರ್ಯೋದಯ ನಮಗಿಂತ ಬೇಗ ಆಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಸೆನ್ಸರ್ ಎಲ್ಲಿ ನೇತಾಡುತ್ತಿದೆ ಎಂಬುದನ್ನೂ ನೋಡಿ. ಬಲೂನು ಏರುವಾಗ ಗಾಳಿ ಪೆಟ್ಟಿಗೆಯ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಹಾಗಾಗಿ ಪೆಟ್ಟಿಗೆಯ ಕೆಳಗೆ ತೂಗಿಬಿಟ್ಟ ಸೆನ್ಸರ್ ಅಳೆಯುವುದು ಪೆಟ್ಟಿಗೆ ಬಿಸಿ ಮಾಡಿದ ಗಾಳಿಯನ್ನು. ಪಕ್ಕಕ್ಕೆ, ಮೇಲ್ಮುಖವಾಗಿ ಒಂದು ಗೇಣಾದರೂ ದೂರ ಚಾಚಿಸಿ. ಬಲೂನು ಕೂಡ ಹಗಲಲ್ಲಿ ಕಾದು ತನ್ನ ಹಿಂದೆ ಬಿಸಿಗಾಳಿಯ ಜಾಡು ಬಿಡುತ್ತದೆ. ಹವಾಮಾನ ಬಲೂನುಗಳ ಹಗ್ಗ 30 ಮೀಟರ್ ಅಥವಾ ಅದಕ್ಕೂ ಉದ್ದ ಇರುವುದು ಆ ಜಾಡಿನಿಂದ ದೂರವಿರಲು. ಹಗ್ಗ ಐದೇ ಮೀಟರ್ ಇದ್ದರೆ ಪೆಟ್ಟಿಗೆ ಸುಮಾರು ನಾಲ್ಕೂವರೆ ಸೆಕೆಂಡಿಗೊಮ್ಮೆ ಲೋಲಕದಂತೆ ಓಲಾಡಿ ಆ ಜಾಡಿನೊಳಗೆ ಹೊಕ್ಕು ಹೊರಡುತ್ತದೆ. ನಿಮ್ಮ ಲಾಗ್ ಹತ್ತು ಸೆಕೆಂಡಿಗೊಮ್ಮೆ ಬರೆಯುತ್ತಿದ್ದರೆ ಅದು ಅರ್ಥವಿಲ್ಲದ ಗದ್ದಲದಂತೆ ಕಾಣುತ್ತದೆ. ಪೆಟ್ಟಿಗೆಯ ಒಳಗಿನ ಕಾರ್ಡಿನಲ್ಲಿ ಸೆಕೆಂಡಿಗೊಮ್ಮೆ ಬರೆದಿಟ್ಟಿದ್ದರೆ ತಾಳ ತಾನಾಗಿ ಕಾಣಿಸುತ್ತದೆ.

ಕೊನೆಯದು ನಿಧಾನ. ಸೆಕೆಂಡಿಗೆ ಐದು ಮೀಟರ್ ಏರುವಾಗ ದಪ್ಪ ಸೆನ್ಸರ್ ಯಾವಾಗಲೂ ತುಸು ಹಿಂದಿನ ಎತ್ತರದ ತಾಪಮಾನ ಹೇಳುತ್ತಿರುತ್ತದೆ: ಪರಿವರ್ತನ ಮಂಡಲದಲ್ಲಿ ಏರುವಾಗ ಬೆಚ್ಚಗೆ, ಇಳಿಯುವಾಗ ತಣ್ಣಗೆ. ಏರಿಕೆಯ ಗೆರೆ ಮತ್ತು ಇಳಿಕೆಯ ಗೆರೆ ಎರಡನ್ನೂ ಬರೆದರೆ ನಿಜವಾದದ್ದು ಅವುಗಳ ನಡುವೆ ಸಿಗುತ್ತದೆ.

ಎತ್ತರವೇ ತಪ್ಪಿದ್ದರೆ

ತಾಪಮಾನ ಸರಿಯಿದ್ದು ಎತ್ತರ ತಪ್ಪಿದರೂ ಗೆರೆ ವಿಕಾರವಾಗುತ್ತದೆ. 12 ಕಿ.ಮೀ. ಹತ್ತಿರ ಎತ್ತರ ಅಲುಗಾಡದೆ ನಿಂತು ಉಳಿದೆಲ್ಲ ನಡೆಯುತ್ತಿದ್ದರೆ ಜಿಪಿಎಸ್ ಮಾಡ್ಯೂಲಿನ ಚಲನೆಯ ವಿಧಾನ ನೋಡಿ. ಹವ್ಯಾಸಿಗಳು ಬಳಸುವ ಯು-ಬ್ಲಾಕ್ಸ್ ಕಂಪನಿಯ ಮಾಡ್ಯೂಲುಗಳು ನೆಲದ ಬಳಕೆಗೆ ಹೊಂದಿಸಿದ ಸ್ಥಿತಿಯಲ್ಲಿ 12,000 ಮೀಟರಿಗೆ ಕೈಕಟ್ಟುತ್ತವೆ. ವಾಯುಯಾನ ವಿಧಾನಕ್ಕೆ ಬದಲಿಸಿದರೆ 50 ಕಿ.ಮೀ.ವರೆಗೆ ಹೋಗುತ್ತವೆ. ಬದಲಿಸಿದ್ದೆವಲ್ಲ ಎನ್ನುವವರು ಇನ್ನೊಂದು ಸಾಧ್ಯತೆ ಗಮನಿಸಿ: ಆ ಆಜ್ಞೆಯನ್ನು ಪ್ರೋಗ್ರಾಂ ಶುರುವಿನಲ್ಲಿ ಒಮ್ಮೆ ಮಾತ್ರ ಕಳಿಸಿದ್ದರೆ, ನಡುವೆ ಜಿಪಿಎಸ್‌ಗೆ ಮಾತ್ರ ವಿದ್ಯುತ್ ತಪ್ಪಿ ಬಂದಾಗ ಅದು ಹಳೆಯ ಸ್ಥಿತಿಗೆ ಮರಳಿರುತ್ತದೆ. ಕೆಲವು ನಿಮಿಷಕ್ಕೊಮ್ಮೆ ಮತ್ತೆ ಕಳಿಸಿ, ಒಪ್ಪಿಗೆ ಬಂತೇ ಎಂದು ಓದಿ. 18 ಕಿ.ಮೀ.ಯಲ್ಲಿ ನಿಂತರೆ ಅದು ಕ್ಷಿಪಣಿಗಳಿಗೆ ಬಳಕೆಯಾಗದಿರಲಿ ಎಂದು ಇಟ್ಟ ಮಿತಿ. ವೇಗ ಹಾಗೂ ಎತ್ತರ ಎರಡೂ ಮೀರಿದಾಗ ನಿಲ್ಲಬೇಕಾದದ್ದನ್ನು ಕೆಲವು ಮಾಡ್ಯೂಲುಗಳು ಎತ್ತರ ಒಂದೇ ಮೀರಿದರೂ ನಿಲ್ಲಿಸುತ್ತವೆ. ಆ ಮಾಡ್ಯೂಲು ಬದಲಿಸುವುದೊಂದೇ ದಾರಿ.

ಒತ್ತಡದಿಂದ ಎತ್ತರ ಲೆಕ್ಕ ಹಾಕುವವರು ಜಿಪಿಎಸ್‌ಗಿಂತ ಅಂಕಿ ಕಡಿಮೆ ಬಂತು ಎಂದು ತಲೆಕೆಡಿಸಿಕೊಳ್ಳುತ್ತಾರೆ. ಎರಡೂ ಸರಿಯಾಗಿಯೇ ಇರಬಹುದು. ಪ್ರಮಾಣಿತ ವಾಯುಮಂಡಲವನ್ನು ನಂಬಿದ ಲೈಬ್ರರಿಯ ಸೂತ್ರ 500 ಹೆಕ್ಟೊಪ್ಯಾಸ್ಕಲ್ (ಒತ್ತಡದ ಮಾನ) ಎಂದರೆ 5,574 ಮೀಟರ್ ಎನ್ನುತ್ತದೆ; ನಮ್ಮ ಬೆಚ್ಚನೆಯ, ಹಿಗ್ಗಿದ ಗಾಳಿಯಲ್ಲಿ ಆ ಒತ್ತಡ ಸಿಗುವುದು ಸುಮಾರು 5,850ರಲ್ಲಿ. 300 ಹೆಕ್ಟೊಪ್ಯಾಸ್ಕಲ್‌ಗೆ ಸೂತ್ರದ್ದು 9,164, ನಮ್ಮದು 9,650ರ ಆಸುಪಾಸು. ಅಲ್ಲಿಂದ ಮೇಲೆ ಬಿಎಂಪಿ280ನ ಅಂಕಿಯನ್ನು ನಂಬಲೇಬೇಡಿ, ಅದರ ಕೆಳಮಿತಿ 300. ಎಂಎಸ್5611 ಎಂಬ ಒತ್ತಡದ ಸೆನ್ಸರ್ ಆದರೆ 10 ಹೆಕ್ಟೊಪ್ಯಾಸ್ಕಲ್‌ವರೆಗೆ ಓದುತ್ತದೆ.

ಮಳೆಗಾಲದ ಜಾಡಿನ ಬಗ್ಗೆಯೂ ಒಂದು ಮಾತು. ಪೂರ್ವಕ್ಕೆ ಹೊರಟ ಬಲೂನು 14, 15 ಕಿ.ಮೀ.ಯಲ್ಲಿ ಹಿಂದಕ್ಕೆ ತಿರುಗಿ ಅರಬ್ಬಿ ಸಮುದ್ರದತ್ತ ಓಡಿದರೆ ಜಿಪಿಎಸ್ ಕೆಟ್ಟಿಲ್ಲ. ಕೆಳಗೆ ನೈರುತ್ಯ ಮಾರುತ, ಮೇಲೆ ಪೂರ್ವದಿಂದ ಬೀಸುವ ಜೆಟ್ ಗಾಳಿ. ಪೆಟ್ಟಿಗೆ ಮರಳಿ ಬೇಕಾದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಿಂದ ಬಲೂನು ಬಿಡದಿರುವುದು ಒಳ್ಳೆಯದು.

ಸಂಕೇತ ಜಾರಿತು, ಸಂಕೇತ ಹೋಯಿತು

ನಮಗೆ ಅವಕಾಶವಿರುವ 434ರಿಂದ 438 ಮೆಗಾಹರ್ಟ್ಸ್‌ನಲ್ಲಿ ಟ್ರಾನ್ಸ್‌ಮಿಟರ್‌ನ ಆವರ್ತನ ನಿರ್ಧರಿಸುವ ಅಗ್ಗದ ಕ್ರಿಸ್ಟಲ್ ಚಳಿಗೆ ಹತ್ತು ಲಕ್ಷಕ್ಕೆ 20 ಭಾಗ ಜಾರಿದರೆ ಅದು 8.7 ಕಿಲೋಹರ್ಟ್ಸ್. ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೊ ವಿಧಾನ) ರಿಸೀವರ್ ತನ್ನ ಬ್ಯಾಂಡ್‌ವಿಡ್ತ್‌ನ ಸುಮಾರು ಕಾಲು ಭಾಗದಷ್ಟು ಜಾರಿಕೆ ಸಹಿಸುತ್ತದೆ, 20.8 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೆ ಅದು ಐದು ಮಾತ್ರ. ಹಾಗಾಗಿ ಪ್ಯಾಕೆಟ್‌ಗಳು 12ರಿಂದ 20 ಕಿ.ಮೀ. ನಡುವೆ ನಿಂತು ಮೇಲೆ ತಾವಾಗಿಯೇ ಮರಳಿ ಬಂದರೆ ಆಂಟೆನಾ ಮುಟ್ಟಬೇಡಿ, ಪರದೆಯಲ್ಲಿ ಸಂಕೇತದ ಗೆರೆ ಎಲ್ಲಿಗೆ ಸರಿದಿದೆ ನೋಡಿ. ಪೆಟ್ಟಿಗೆಯ ಒಳಗಿನ ತಾಪಮಾನದ ಗೆರೆಯನ್ನು ಅದರ ಪಕ್ಕ ಇಟ್ಟರೆ ಎರಡೂ ಒಂದೇ ಆಕಾರದಲ್ಲಿರುತ್ತವೆ. ತಾಪಮಾನಕ್ಕೆ ಸರಿದೂಗಿಸಿಕೊಳ್ಳುವ ಆಸಿಲೇಟರ್ ಹಾಕಿದರೆ ಜಾರಿಕೆ ಒಂದು ಕಿಲೋಹರ್ಟ್ಸ್ ಆಸುಪಾಸಿಗೆ ಇಳಿಯುತ್ತದೆ.

ಇಳಿಯುವಾಗ ಸಂಕೇತ ನಿಂತರೆ ಘಟ್ಟವನ್ನು ನೆನೆಯಿರಿ. ಮೇಲೆ ಇರುವಷ್ಟು ಹೊತ್ತು 600 ಕಿ.ಮೀ. ದೂರದಿಂದಲೂ ಬಲೂನು ಕಾಣುತ್ತದೆ. ಆದರೆ ಉಡುಪಿಯಲ್ಲಿ ಕೂತ ರಿಸೀವರ್‌ನಿಂದ 50 ಕಿ.ಮೀ. ದೂರದಲ್ಲಿ ಸಾವಿರ ಮೀಟರ್ ಎತ್ತರದ ಘಟ್ಟದ ಅಂಚು ಅಡ್ಡ ಇದ್ದು, ಬಲೂನು 150 ಕಿ.ಮೀ. ಪೂರ್ವದಲ್ಲಿ ಇಳಿಯುತ್ತಿದ್ದರೆ, ಅದು ಸುಮಾರು 4 ಕಿ.ಮೀ. ಎತ್ತರದಲ್ಲಿರುವಾಗಲೇ ಮರೆಯಾಗುತ್ತದೆ. ಟ್ರಾನ್ಸ್‌ಮಿಟರ್ ಸತ್ತಿತು ಎಂದು ಬರೆಯುವ ಮುನ್ನ ಈ ಲೆಕ್ಕ ಹಾಕಿ. ಆಗುಂಬೆ, ಚಾರ್ಮಾಡಿ ಅಥವಾ ಶಿರಾಡಿ ದಾರಿಯಲ್ಲಿ ಘಟ್ಟ ಹತ್ತಿದ ಮೇಲೆ ಎರಡನೆಯ ರಿಸೀವರ್ ಇರುವ ಕಾರೊಂದು ನಿಂತಿದ್ದರೆ ಈ ಸಮಸ್ಯೆಯೇ ಇಲ್ಲ.

ಪೆಟ್ಟಿಗೆ ಸಿಕ್ಕಾಗ

ಸಿಕ್ಕ ಕೂಡಲೇ ಸ್ವಿಚ್ ಆರಿಸಬೇಡಿ. ಮೊದಲು ಟ್ರಾನ್ಸ್‌ಮಿಟರ್ ನಡೆಯುತ್ತಿದೆಯೇ ಎಂದು ಕೈ ರೇಡಿಯೊದಲ್ಲಿ ಕೇಳಿ, ನಡೆಯುತ್ತಿರುವಾಗಲೇ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ, ಸೆನ್ಸರ್ ಎತ್ತ ಬಾಗಿದೆ ಎಂದು ಚಿತ್ರ ತೆಗೆಯಿರಿ. ಆಮೇಲೆ ಮುಚ್ಚಳ ತೆರೆದು ಒಳಗೆ ನೀರಿನ ಹನಿ ಇದೆಯೇ ನೋಡಿ. ಹಾರಿಸಿದ ಬೆಳಗ್ಗೆ ಕರಾವಳಿಯ ತೇವದ ಗಾಳಿಯನ್ನೇ ಒಳಗಿಟ್ಟು ಟೇಪು ಸುತ್ತಿದ್ದರೆ, ಆ ತೇವ ಮೇಲೆ ಹಿಮವಾಗಿ, ಕೆಳಗೆ ನೀರಾಗಿ ಕ್ಯಾಮೆರಾದ ಗಾಜಿನ ಮೇಲೂ ಕ್ರಿಸ್ಟಲ್ ಸುತ್ತಲೂ ಕೂತಿರುತ್ತದೆ. ಮುಂದಿನ ಬಾರಿ ಹಿಂದಿನ ರಾತ್ರಿಯೇ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಹಾಕಿಟ್ಟು, ಬಿಡುವ ಮುನ್ನ ಹೊಸ ಚೀಲಕ್ಕೆ ಬದಲಿಸಿ. ಮತ್ತು ಬಲೂನಿಗೆ ಅನಿಲ ತುಂಬುವಷ್ಟು ಹೊತ್ತು ಪೆಟ್ಟಿಗೆಯನ್ನು ಕಾದ ಮುರಕಲ್ಲಿನ ಬಯಲಿನ ಮೇಲೆ ಇಡದೆ ನೆರಳಿನಲ್ಲಿ ತೂಗುಹಾಕಿ. ಇಲ್ಲದಿದ್ದರೆ ಮೊದಲ ಸಾಲಿನಲ್ಲೇ 38 ಡಿಗ್ರಿ ಬಂದು ಅದರ ಬಗ್ಗೆ ಇನ್ನೊಂದು ದೂರು ಹುಟ್ಟುತ್ತದೆ.